ಪ್ರತಿಸ್ಪರ್ಧಿಯೇ ಸಾಕ್ಷಿ: ಹವ್ಯಾಸಿ ರೇಡಿಯೋ ಮೋರ್ಸ್ ಸ್ಪರ್ಧೆಗಳ ಇತಿಹಾಸದ ಒಂದು ಎಳೆ

೧

ಓಟದ ಪಂದ್ಯದಲ್ಲಿ ಓಟಗಾರನಿಗೆ ಎದುರಾಳಿಯಿಂದ ಆಗಬೇಕಾದ ಉಪಕಾರ ಯಾವುದೂ ಇಲ್ಲ. ಎದುರಾಳಿ ಎಡವಿದರೆ ಅವನಿಗೆ ಲಾಭವೇ ಹೊರತು ನಷ್ಟವಲ್ಲ. ಕುಸ್ತಿಯಲ್ಲಿಯೂ ಚದುರಂಗದಲ್ಲಿಯೂ ಎದುರಾಳಿ ಬೇಕೇ ಬೇಕು. ಆದರೆ ಅಲ್ಲಿ ಒಬ್ಬನ ಗೆಲವು ಮತ್ತೊಬ್ಬನ ಸೋಲಿನಿಂದಲೇ ಹುಟ್ಟತಕ್ಕದ್ದು. ಹವ್ಯಾಸಿ ರೇಡಿಯೋ ನಿರ್ವಾಹಕರು ಮೋರ್ಸ್ ಸಂಕೇತದ ಮೂಲಕ ನಡೆಸುವ ಸ್ಪರ್ಧೆಗಳು ಈ ಎರಡು ಬಗೆಗೂ ಸೇರುವುದಿಲ್ಲ. ಇಲ್ಲಿ ಗೊತ್ತಾದ ಅವಧಿಯೊಳಗೆ, ಸಾಮಾನ್ಯವಾಗಿ ೨೪ ಅಥವಾ ೪೮ ಗಂಟೆಗಳೊಳಗೆ, ಪ್ರತಿಯೊಬ್ಬರೂ ಸಾಧ್ಯವಾದಷ್ಟು ಹೆಚ್ಚು ಕೇಂದ್ರಗಳೊಡನೆ ಸಂಪರ್ಕ ಪಡೆಯಬೇಕು. ಪ್ರತಿ ಸಂಪರ್ಕದಲ್ಲಿಯೂ ಇಬ್ಬರೂ ತಮ್ಮ ತಮ್ಮ ಕರೆಸಂಜ್ಞೆಗಳನ್ನೂ ನಿಯಮವು ವಿಧಿಸಿದ ಒಂದೆರಡು ಅಂಕೆಗಳನ್ನೂ ವಿನಿಮಯ ಮಾಡಿಕೊಂಡು, ಕೇಳಿದುದನ್ನು ತಪ್ಪಿಲ್ಲದೆ ಲಾಗಿನಲ್ಲಿ, ಎಂದರೆ ಕೇಂದ್ರದ ದಿನಚರಿಯಲ್ಲಿ, ಬರೆದುಕೊಳ್ಳಬೇಕು. ಹೀಗೆ ಎದುರಿಗೆ ದೊರೆಯುವವನು ಬಹುಮಟ್ಟಿಗೆ ಅದೇ ಸ್ಪರ್ಧೆಯಲ್ಲಿ ಅದೇ ಸ್ಥಾನಕ್ಕಾಗಿ ಹೆಣಗುತ್ತಿರುವವನೇ ಆಗಿರುತ್ತಾನೆ. ಎಂದರೆ ಅಂಕಕ್ಕಾಗಿ ಸೆಣಸುವವನೂ ಅಂಕವನ್ನು ಕೊಡುವವನೂ ಒಬ್ಬನೇ.

ಈ ಸಂಬಂಧವನ್ನು ಸ್ನೇಹದ ಪೈಪೋಟಿಯೆಂದು ಕರೆಯುವುದು ವಾಡಿಕೆ. ಆ ಮಾತನ್ನು ಸಜ್ಜನಿಕೆಯ ಹೊಗಳಿಕೆಯೆಂದು ತಿಳಿದು ಸುಮ್ಮನಾಗುವುದು ಸುಲಭ. ಆದರೆ ಈ ಸ್ಪರ್ಧೆಗಳ ಇತಿಹಾಸವನ್ನು ಮೊದಲಿನಿಂದ ಪರಿಶೀಲಿಸಿದವರಿಗೆ ಬೇರೆಯೇ ಒಂದು ಸಂಗತಿ ತೋರಿಬರುತ್ತದೆ. ರೇಡಿಯೋ ಸಂಕೇತವನ್ನು ಕಳುಹಿಸಿದವನಿಗೆ ಅದು ಎಲ್ಲಿಯವರೆಗೆ ಹೋಯಿತು, ಯಾರಿಗೆ ಕೇಳಿಸಿತು ಎಂಬುದು ತಾನಾಗಿ ತಿಳಿಯುವ ಬಗೆಯಿಲ್ಲ. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಆದುದರಿಂದ ಪ್ರತಿಯೊಂದು ಸಾಧನೆಗೂ ಬೇರೆಯವನ ಸಾಕ್ಷ್ಯ ಬೇಕಾಯಿತು. ಆ ಸಾಕ್ಷಿಯ ಸ್ಥಾನದಲ್ಲಿ ಕಾಲಕ್ರಮದಲ್ಲಿ ಪ್ರತಿಸ್ಪರ್ಧಿಯೇ ಬಂದು ನಿಂತನು. ಸ್ನೇಹವು ಇಲ್ಲಿ ಸ್ಪರ್ಧೆಗೆ ತೊಡಿಸಿದ ಅಲಂಕಾರವಲ್ಲ, ಸ್ಪರ್ಧೆಯು ನಿಂತಿರುವ ನೆಲಗಟ್ಟು. ಅದೇ ಸ್ನೇಹವು ಸ್ಪರ್ಧೆಯ ನ್ಯಾಯಕ್ಕೆ ಕೆಲವೊಮ್ಮೆ ತೊಡಕೂ ಆಯಿತು. ಈ ಎರಡು ಮಾತುಗಳನ್ನು ಮುಂದಿನ ಪುಟಗಳಲ್ಲಿ ನಿರೂಪಿಸಲು ಯತ್ನಿಸಲಾಗಿದೆ.

೨

ಸ್ಪರ್ಧೆಗೆ ಮೊದಲು ಇದ್ದುದು ಸಹಕಾರ. ೧೯೧೨ರ ಅಮೆರಿಕದ ರೇಡಿಯೋ ಶಾಸನವು ಹವ್ಯಾಸಿಗಳನ್ನು ೨೦೦ ಮೀಟರು ಮತ್ತು ಅದಕ್ಕೂ ಕಡಿಮೆಯ ತರಂಗಾಂತರಗಳಿಗೆ ಸೀಮಿತಗೊಳಿಸಿತು. ಅಂದಿನ ತಿಳಿವಳಿಕೆಯಂತೆ ಅವು ದೂರ ಸಂಚಾರಕ್ಕೆ ಬಾರದ, ನಿಷ್ಪ್ರಯೋಜಕವಾದ ತರಂಗಗಳು. ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದಲ್ಲಿದ್ದ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬ ಇಂಜಿನಿಯರಿಗೆ ೧೯೧೪ರಲ್ಲಿ ಒಂದು ನಿರ್ವಾತ ಕೊಳವೆ ಬೇಕಾಗಿತ್ತು. ಅದನ್ನು ಮಾರಲು ಸಿದ್ಧನಿದ್ದ ಹವ್ಯಾಸಿ ಹತ್ತಿರದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿದ್ದನು. ಮ್ಯಾಕ್ಸಿಮನ ಸಂಕೇತ ಅಷ್ಟು ದೂರ ಮುಟ್ಟಲಿಲ್ಲ. ನಡುವೆ ವಿಂಡ್ಸರ್ ಲಾಕ್ಸ್ ಎಂಬಲ್ಲಿದ್ದ ಮತ್ತೊಬ್ಬ ಹವ್ಯಾಸಿ ಆ ಸಂದೇಶವನ್ನು ಕೇಳಿ ಮುಂದಕ್ಕೆ ದಾಟಿಸಿಕೊಟ್ಟನು. ಅಮೆರಿಕನ್ ರೇಡಿಯೋ ರಿಲೇ ಲೀಗ್ ಎಂಬ ಸಂಘವು ಅದೇ ವರ್ಷ ಸ್ಥಾಪಿತವಾದುದು ಈ ಅನುಭವದಿಂದಲೇ. ರಿಲೇ ಎಂದರೆ ಕೈಯಿಂದ ಕೈಗೆ ದಾಟಿಸುವುದು. ಸಂಘದ ಹೆಸರಿನಲ್ಲಿಯೇ ಅದರ ಮೂಲಭಾವ ಅಡಗಿದೆ.

ಸಂದೇಶವನ್ನು ಹೀಗೆ ದಾಟಿಸುವಾಗ ಅದು ಕೆಡದಂತೆ ನೋಡಿಕೊಳ್ಳಲು ಒಂದು ಪದ್ಧತಿ ಅಗತ್ಯವಾಗಿತ್ತು. ತಂತಿ ಇಲಾಖೆಗಳ ರೂಢಿಯನ್ನು ಅನುಸರಿಸಿ ಹವ್ಯಾಸಿಗಳು ಪ್ರತಿ ಸಂದೇಶಕ್ಕೂ ಒಂದು ಶಿರೋಭಾಗವನ್ನು ಇಟ್ಟರು: ಸಂದೇಶದ ಕ್ರಮಸಂಖ್ಯೆ, ಹೊರಟ ಕೇಂದ್ರ, ಪದಗಳ ಎಣಿಕೆ, ಹೊರಟ ಊರು, ದಿನಾಂಕ. ಇವುಗಳಲ್ಲಿ ಪದಗಳ ಎಣಿಕೆ ವಿಶೇಷವಾಗಿ ಗಮನಾರ್ಹ. ಕಳುಹಿಸಿದವನು ಹನ್ನೆರಡು ಪದಗಳೆಂದರೆ ಕೇಳಿದವನು ತಾನು ಬರೆದುಕೊಂಡ ಪದಗಳನ್ನು ಎಣಿಸಿ ನೋಡಬೇಕು. ಹನ್ನೊಂದಾದರೆ ಮತ್ತೆ ಕೇಳಬೇಕು. ಇಬ್ಬರ ಲೆಕ್ಕವೂ ಒಂದೇ ಆದಾಗ ಮಾತ್ರ ಸಂದೇಶ ಸಂದಿತು ಎಂದು ಅರ್ಥ. ೧೯೧೭ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಹೊರಟ ಒಂದು ಸಂದೇಶವು ಕೈಯಿಂದ ಕೈಗೆ ದಾಟಿ ಲಾಸ್ ಏಂಜಲಿಸನ್ನು ಮುಟ್ಟಿ, ಅದರ ಉತ್ತರ ೧ ಗಂಟೆ ೨೦ ನಿಮಿಷಗಳಲ್ಲಿ ಹಿಂದಿರುಗಿತು. ಅದೇ ವರ್ಷದ ಏಪ್ರಿಲಿನಲ್ಲಿ ಅಮೆರಿಕವು ಯುದ್ಧಕ್ಕಿಳಿಯಲು ಹವ್ಯಾಸಿ ಕೇಂದ್ರಗಳೆಲ್ಲ ಮುಚ್ಚಿದುವು. ಪ್ರೇಷಣಕ್ಕೆ ಮತ್ತೆ ಅನುಮತಿ ದೊರೆತುದು ೧೯೧೯ರ ಅಕ್ಟೋಬರಿನಲ್ಲಿ.

೩

ಯುದ್ಧಾನಂತರ ಹವ್ಯಾಸಿಗಳ ಮುಂದೆ ನಿಂತ ಪ್ರಶ್ನೆ ಅಟ್ಲಾಂಟಿಕ್ ಸಾಗರದ್ದು. ೨೦೦ ಮೀಟರಿನ ಅಲೆ ಸಾಗರವನ್ನು ದಾಟಬಲ್ಲುದೇ? ೧೯೨೧ರ ಫೆಬ್ರವರಿಯಲ್ಲಿ ನಡೆದ ಮೊದಲ ಪರೀಕ್ಷೆ ವಿಫಲವಾಯಿತು. ಅಮೆರಿಕದ ಕೇಂದ್ರಗಳು ಗೊತ್ತಾದ ವೇಳೆಯಲ್ಲಿ ಸಂಕೇತಗಳನ್ನು ಕಳುಹಿಸಿದರೂ ಬ್ರಿಟನ್ನಿನಲ್ಲಿ ಖಚಿತವಾಗಿ ಯಾವುದೂ ಕೇಳಿಬರಲಿಲ್ಲ. ದೋಷ ಯಾರದು, ಕಳುಹಿಸಿದವರದೋ ಕೇಳಿದವರದೋ ಎಂಬ ವಾದ ಸಹಜವಾಗಿ ಎದ್ದಿತು. ಅಮೆರಿಕನ್ ಸಂಘವು ಡಿಸೆಂಬರಿನ ಎರಡನೆಯ ಪರೀಕ್ಷೆಗೆ ತನ್ನವನೇ ಆದ ಒಬ್ಬ ಕೇಳುಗನನ್ನು ಕಳುಹಿಸಲು ನಿಶ್ಚಯಿಸಿದುದರಲ್ಲಿ ಬ್ರಿಟಿಷ್ ಗ್ರಾಹಕಗಳ ಬಗೆಗೆ ಒಂದು ಸಂದೇಹವೂ ಸೇರಿತ್ತೆಂಬುದನ್ನು ಬ್ರಿಟಿಷ್ ಹವ್ಯಾಸಿಗಳು ಗ್ರಹಿಸದೆ ಇರಲಿಲ್ಲ. ಹೀಗೆ ಒಂದು ವೈಜ್ಞಾನಿಕ ಪ್ರಯೋಗವು ಯಾರ ಕಿವಿ ಮೇಲೆಂಬ ಪಂದ್ಯದ ರೂಪವನ್ನೂ ಪಡೆಯಿತು.

ಹೀಗೆ ಹೋದವನು ಪಾಲ್ ಗಾಡ್ಲಿ. ಸ್ಕಾಟ್ಲೆಂಡಿನ ಪಶ್ಚಿಮ ತೀರದ ಆರ್ಡ್‌ರಾಸನ್ ಎಂಬಲ್ಲಿ, ಡಿಸೆಂಬರಿನ ಚಳಿಮಳೆಯಲ್ಲಿ, ಬಯಲಿನಲ್ಲಿ ಒಂದು ಡೇರೆ ಹಾಕಿ, ಸಾವಿರ ಅಡಿಗೂ ಮಿಕ್ಕ ಉದ್ದದ ತಂತಿಯನ್ನು ಎಳೆದು, ಸೂಪರ್‌ಹೆಟರೊಡೈನ್ ಗ್ರಾಹಕದ ಮುಂದೆ ಅವನು ರಾತ್ರಿಗಳನ್ನು ಕಳೆದನು. ಇಲ್ಲಿ ನಮಗೆ ಮುಖ್ಯವಾದುದು ಅವನ ಸಾಹಸಕ್ಕಿಂತಲೂ ಅವನ ಸುತ್ತ ಕಟ್ಟಿದ ಸಾಕ್ಷ್ಯದ ವ್ಯವಸ್ಥೆ. ಮೊದಲನೆಯದಾಗಿ, ಆಯ್ದ ಅಮೆರಿಕನ್ ಕೇಂದ್ರಗಳಿಗೆ ಗುಪ್ತವಾದ ಅಕ್ಷರಗುಚ್ಛಗಳನ್ನು ಹಂಚಲಾಗಿತ್ತು. ಕೇಳಿದವನು ಆ ಗುಚ್ಛವನ್ನು ತಪ್ಪಿಲ್ಲದೆ ಬರೆದು ತೋರಿಸಿದರೆ ಮಾತ್ರ ಕೇಳಿದುದು ನಿಜ. ಬರಿಯ ಕರೆಸಂಜ್ಞೆಯನ್ನು ಯಾರು ಬೇಕಾದರೂ ಊಹಿಸಿ ಹೇಳಬಹುದಾಗಿತ್ತು. ಎರಡನೆಯದಾಗಿ, ಮಾರ್ಕೋನಿ ಸಂಸ್ಥೆಯ ಒಬ್ಬ ಇನ್ಸ್‌ಪೆಕ್ಟರು ಗಾಡ್ಲಿಯೊಡನೆ ಡೇರೆಯಲ್ಲಿ ಕುಳಿತು ತಾನೂ ಕೇಳಿ ದೃಢಪಡಿಸಬೇಕಾಗಿತ್ತು. ಒಂದು ಪಕ್ಷದ ಮಾತನ್ನು ಮತ್ತೊಂದು ಪಕ್ಷವು ನಂಬಲು ಮೂರನೆಯವನೊಬ್ಬನು ಬೇಕಾಗಿದ್ದ ಕಾಲ ಅದು.

ಡಿಸೆಂಬರ್ ೧೨ರ ಬೆಳಗಿನ ಜಾವ ಕನೆಕ್ಟಿಕಟ್ಟಿನ ಗ್ರೀನಿಚ್ ಊರಿನಿಂದ ೧-ಬಿಸಿಜಿ ಎಂಬ ಕೇಂದ್ರವು ಕಳುಹಿಸಿದ ಒಂದು ಪೂರ್ಣ ಸಂದೇಶವನ್ನು ಗಾಡ್ಲಿ ಬರೆದುಕೊಂಡನು. ಎಡ್ವಿನ್ ಆರ್ಮ್‌ಸ್ಟ್ರಾಂಗ್ ಮೊದಲಾದ ಆರು ಮಂದಿ ಕೂಡಿ ಕಟ್ಟಿದ ಕೇಂದ್ರವದು. ಆ ಸಂದೇಶದ ರಚನೆಯನ್ನು ನೋಡಬೇಕು. ಮೊದಲು ಕ್ರಮಸಂಖ್ಯೆ, ಒಂದು, ಆಮೇಲೆ ಕೇಂದ್ರದ ಸಂಜ್ಞೆ, ಪದಗಳ ಎಣಿಕೆ, ಹನ್ನೆರಡು, ಊರು, ದಿನಾಂಕ, ಕೊನೆಗೆ ಗಾಡ್ಲಿಗೆ ಎರಡು ಮಾತಿನ ಅಭಿನಂದನೆ ಮತ್ತು ಆರು ಹೆಸರುಗಳು. ರಿಲೇ ಕಾಲದ ಶಿರೋಭಾಗವು ಹಾಗೆ ಹಾಗೆಯೇ ಸಾಗರವನ್ನು ದಾಟಿತ್ತು. ಕಳುಹಿಸಿದವರ ಗೆಲವನ್ನು ಸ್ಥಾಪಿಸಬೇಕಾದ ಸಂದೇಶವು ಕೇಳಿದವನಿಗೆ ಸಲ್ಲಿಸಿದ ಅಭಿನಂದನೆಯಾಗಿದ್ದುದು ಉಚಿತವೇ ಆಗಿತ್ತು. ಏಕೆಂದರೆ ಅವನು ಕೇಳದೆ ಹೋಗಿದ್ದರೆ ಅವರ ಗೆಲವು ಇರುತ್ತಲೇ ಇರಲಿಲ್ಲ.

ಬ್ರಿಟಿಷ್ ಹವ್ಯಾಸಿಗಳ ಪ್ರತ್ಯುತ್ತರವೂ ಅದೇ ರಾತ್ರಿಗಳಲ್ಲಿ ಸಿದ್ಧವಾಯಿತು. ಅವರಲ್ಲಿ ಹಲವರು ತಮ್ಮ ತಮ್ಮ ಮನೆಗಳಲ್ಲಿ, ಗಾಡ್ಲಿಯ ಯಂತ್ರಕ್ಕಿಂತ ಎಷ್ಟೋ ಸರಳವಾದ ಗ್ರಾಹಕಗಳಿಂದ ಅಮೆರಿಕದ ಸಂಕೇತಗಳನ್ನು ಕೇಳಿದರು. ಹೀಗೆ ಪೈಪೋಟಿಯಲ್ಲಿ ಯಾರೂ ಸೋಲಲಿಲ್ಲ. ಬ್ರಿಟಿಷರು ಕೇಳಿದುದು ಅಮೆರಿಕನ್ನರ ಪ್ರೇಷಕಗಳಿಗೆ ಇನ್ನಷ್ಟು ಸಾಕ್ಷ್ಯವನ್ನು ಒದಗಿಸಿತು; ಅಮೆರಿಕನ್ನರು ಕಳುಹಿಸಿದುದು ಬ್ರಿಟಿಷರ ಕಿವಿಗೆ ಗೌರವ ತಂದಿತು. ಎದುರಾಳಿಯ ಸಾಧನೆಯು ತನ್ನ ಸಾಧನೆಯನ್ನು ಕುಗ್ಗಿಸುವುದರ ಬದಲು ದೃಢಪಡಿಸುವ ಈ ಲಕ್ಷಣವು ಮುಂದಿನ ಎಲ್ಲ ಸ್ಪರ್ಧೆಗಳಲ್ಲಿಯೂ ಕಂಡುಬರುತ್ತದೆ.

೪

೧೯೨೨ರ ಡಿಸೆಂಬರಿನ ಪರೀಕ್ಷೆಯಲ್ಲಿ ಯೂರೋಪಿನಲ್ಲಿ ಕೇಳಿಬಂದ ಅಮೆರಿಕನ್ ಕೇಂದ್ರಗಳ ಸಂಖ್ಯೆ ಮುನ್ನೂರನ್ನು ಮೀರಿತು. ಬ್ರಿಟಿಷ್ ಮತ್ತು ಫ್ರೆಂಚ್ ಕೇಂದ್ರಗಳೂ ಅಮೆರಿಕದಲ್ಲಿ ಕೇಳಿಸಿದುವು. ಆದರೂ ಇವೆಲ್ಲ ಒಮ್ಮುಖದ ಮಾತುಗಳು. ಒಬ್ಬನು ಕೂಗುತ್ತಿದ್ದನು, ಮತ್ತೊಬ್ಬನು ಕೇಳುತ್ತಿದ್ದನು. ಇಮ್ಮುಖದ ಸಂಭಾಷಣೆ ಸಾಧ್ಯವಾದುದು ೧೯೨೩ರ ನವೆಂಬರ್ ೨೭–೨೮ರ ರಾತ್ರಿ, ೨೦೦ ಮೀಟರನ್ನು ಬಿಟ್ಟು ಸುಮಾರು ೧೦೦ ಮೀಟರಿನ ತರಂಗಕ್ಕೆ ಇಳಿದಾಗ. ಫ್ರಾನ್ಸಿನ ನೀಸ್ ನಗರದಿಂದ ಲೆಯೋನ್ ದೆಲ್ವಾ ತನ್ನ ೮-ಎಬಿ ಕೇಂದ್ರದಿಂದ ಕರೆದನು. ಹಾರ್ಟ್‌ಫರ್ಡಿನ ಬಳಿಯಿಂದ ಫ್ರೆಡ್ ಶ್ನೆಲ್ ತನ್ನ ೧-ಎಂಒ ಕೇಂದ್ರದಿಂದ ಉತ್ತರ ಕೊಟ್ಟನು.

ಆ ರಾತ್ರಿ ಇನ್ನೊಬ್ಬನೂ ಸಿದ್ಧನಾಗಿ ಕಾದಿದ್ದನು: ಅದೇ ಕನೆಕ್ಟಿಕಟ್ಟಿನ ಜಾನ್ ರೈನಾರ್ಟ್ಸ್. ಕಿರುತರಂಗಗಳ ಪ್ರಯೋಗದಲ್ಲಿ ಅವನು ಯಾರಿಗೂ ಹಿಂದುಳಿದವನಲ್ಲ. ಅವನ ಹೆಸರಿನ ವಿದ್ಯುನ್ಮಂಡಲವನ್ನು ಹವ್ಯಾಸಿಗಳು ಎಷ್ಟೋ ಕಡೆ ಬಳಸುತ್ತಿದ್ದರು. ಇತಿಹಾಸದಲ್ಲಿ ಮೊದಲಿಗನಾಗುವ ಅವಕಾಶ ಇಬ್ಬರಿಗೂ ಸಮಾನವಾಗಿತ್ತು. ಶ್ನೆಲ್ ಸಂಭಾಷಿಸುತ್ತಿದ್ದಷ್ಟು ಹೊತ್ತು ರೈನಾರ್ಟ್ಸ್ ತಡೆದು ನಿಂತನು. ಅವನು ಆ ನಡುವೆ ತನ್ನ ಪ್ರೇಷಕದ ಕೀಲಿಯನ್ನು ಒತ್ತಿದ್ದರೆ ಎರಡು ಸಂಕೇತಗಳೂ ಒಂದರ ಮೇಲೊಂದು ಬಿದ್ದು ದೆಲ್ವಾನಿಗೆ ಯಾವುದೂ ತಿಳಿಯುತ್ತಿರಲಿಲ್ಲ. ಶ್ನೆಲ್‌ನ ಮಾತು ಮುಗಿದ ಬಳಿಕ ರೈನಾರ್ಟ್ಸನು ತನ್ನ ೧-ಎಕ್ಸ್‌ಎಎಂ ಕೇಂದ್ರದಿಂದ ಮುಂದೆ ಬಂದು ಅದೇ ರಾತ್ರಿ ದೆಲ್ವಾನೊಡನೆ ಸಂಪರ್ಕ ಪಡೆದನು. ಮೊದಲಿಗನೆಂಬ ಹೆಸರು ಕೆಲವು ನಿಮಿಷಗಳ ಅಂತರದಲ್ಲಿ ಶ್ನೆಲ್‌ಗೆ ಸಂದಿತು. ಆದರೆ ಒಬ್ಬನ ಸಂಪರ್ಕ ಕೇವಲ ಆಕಸ್ಮಿಕವೆಂದು ಹೇಳುವ ಅವಕಾಶವೂ ಆ ಎರಡನೆಯ ಸಂಪರ್ಕದಿಂದ ಇಲ್ಲವಾಯಿತು. ರೈನಾರ್ಟ್ಸನ ತಾಳ್ಮೆ ಶ್ನೆಲ್‌ನ ಗೆಲವಿಗೆ ಎರಡು ಬಾರಿ ನೆರವಾಯಿತು, ಮೊದಲು ಮೌನದಿಂದ, ಆಮೇಲೆ ಪುನರಾವರ್ತನೆಯಿಂದ.

ಇಲ್ಲಿ ಮೋರ್ಸ್ ಸ್ಪರ್ಧೆಯ ಒಂದು ಮೂಲನೀತಿ ಹೊರಪಡುತ್ತದೆ. ಆಕಾಶ ಎಲ್ಲರದು, ಎಲ್ಲರೂ ಒಮ್ಮೆಗೇ ಮಾತನಾಡಿದರೆ ಯಾರಿಗೂ ಏನೂ ಕೇಳಿಸದು. ಇಂದಿಗೂ ಕರೆಯನ್ನು ಆರಂಭಿಸುವ ಮೊದಲು ‘ಕ್ಯೂಆರ್‌ಎಲ್’ ಎಂದು ಕಳುಹಿಸಿ, ಈ ಆವರ್ತಾಂಕದಲ್ಲಿ ಬೇರೆ ಯಾರಾದರೂ ಇರುವರೇ ಎಂದು ಕೇಳಿ, ಉತ್ತರಕ್ಕಾಗಿ ಕಾಯುವುದು ಹವ್ಯಾಸಿಗಳ ಶಿಷ್ಟಾಚಾರ. ನಿಮಿಷಕ್ಕೆ ಎರಡು ಮೂರು ಸಂಪರ್ಕಗಳ ವೇಗದಲ್ಲಿ ಓಡುವ ಸ್ಪರ್ಧೆಯಲ್ಲಿ ಈ ಕಾಯುವಿಕೆ ಬೆಲೆಯುಳ್ಳದ್ದು.

೫

ಪರೀಕ್ಷೆಗಳ ಕಾಲ ಮುಗಿದು ಸ್ಪರ್ಧೆಗಳ ಕಾಲ ಆರಂಭವಾದುದು ೧೯೨೭ರಲ್ಲಿ ಎನ್ನಬಹುದು. ಆ ವರ್ಷ ಅಮೆರಿಕನ್ ಸಂಘವು ಅಂತರರಾಷ್ಟ್ರೀಯ ರಿಲೇ ಕೂಟವನ್ನು ನಡೆಸಿತು. ದೂರದೇಶಗಳೊಡನೆ ಸಂಪರ್ಕ ಪಡೆಯುವ ಸಂಘದ ವಾರ್ಷಿಕ ಸ್ಪರ್ಧೆಗೆ ಮೂಲ ಅದೇ. ೧೯೩೦ರ ಜನವರಿಯಲ್ಲಿ ‘ಸ್ವೀಪ್‌ಸ್ಟೇಕ್ಸ್’ ಎಂಬ ಸ್ಪರ್ಧೆ ಮೊದಲಾಯಿತು. ಇದರಲ್ಲಿ ಉತ್ತರ ಅಮೆರಿಕದ ಕೇಂದ್ರಗಳು ತಮ್ಮ ತಮ್ಮಲ್ಲಿಯೇ ಸಂಪರ್ಕ ಪಡೆಯಬೇಕು. ಸಂಘವು ಗೊತ್ತುಮಾಡಿರುವ ವಿಭಾಗಗಳಲ್ಲಿ ಎಷ್ಟನ್ನು ಮುಟ್ಟಿದರೆ ಅಷ್ಟರಿಂದ ಅಂಕಗಳನ್ನು ಗುಣಿಸಲಾಗುತ್ತದೆ.

ಸ್ವೀಪ್‌ಸ್ಟೇಕ್ಸ್ ಸ್ಪರ್ಧೆಯ ವಿನಿಮಯವನ್ನು ಪರಿಶೀಲಿಸಿದರೆ ಇತಿಹಾಸದ ಪದರಗಳು ಸ್ಪಷ್ಟವಾಗಿ ಗೋಚರಿಸುತ್ತವೆ. ಪ್ರತಿ ಸಂಪರ್ಕದಲ್ಲಿಯೂ ಐದು ಅಂಶಗಳನ್ನು ಕಳುಹಿಸಬೇಕು: ಸಂಪರ್ಕದ ಕ್ರಮಸಂಖ್ಯೆ, ಸ್ಪರ್ಧಿಯ ವರ್ಗವನ್ನು ಸೂಚಿಸುವ ಒಂದು ಅಕ್ಷರ, ಕರೆಸಂಜ್ಞೆ, ‘ಚೆಕ್’ ಎಂದು ಕರೆಯಲಾಗುವ ಎರಡು ಅಂಕೆಗಳು, ವಿಭಾಗದ ಹೆಸರು. ಇದು ಹಳೆಯ ರಿಲೇ ಸಂದೇಶದ ಶಿರೋಭಾಗವೇ. ಅಲ್ಲಿ ಚೆಕ್ ಎಂದರೆ ಪದಗಳ ಎಣಿಕೆ. ಸಂದೇಶವೇ ಇಲ್ಲದ ಮೇಲೆ ಎಣಿಸಲು ಪದಗಳೆಲ್ಲಿ? ಆದುದರಿಂದ ಆ ಸ್ಥಾನದಲ್ಲಿ ಇಂದು ನಿರ್ವಾಹಕರು ಮೊದಲು ಪರವಾನಗಿ ಪಡೆದ ವರ್ಷದ ಕೊನೆಯ ಎರಡು ಅಂಕೆಗಳನ್ನು ಕಳುಹಿಸುತ್ತಾರೆ. ದೇಹ ಹೋಗಿ ಶಿರಸ್ಸು ಮಾತ್ರ ಉಳಿದಿದೆ. ಆದರೆ ಆ ಶಿರಸ್ಸು ಮಾಡುವ ಕೆಲಸ ೧೯೨೧ರ ಗುಪ್ತ ಅಕ್ಷರಗುಚ್ಛದ ಕೆಲಸವೇ: ಊಹಿಸಿ ಬರೆಯಲಾಗದ, ಕೇಳಿಯೇ ತಿಳಿಯಬೇಕಾದ ಒಂದು ವಿವರವನ್ನು ಎದುರಿನವನಿಂದ ಪಡೆದು, ಕೇಳಿದ್ದೇನೆಂದು ಸಿದ್ಧಪಡಿಸುವುದು. ಇದರಲ್ಲಿ ಬಯಸದೆ ಬಂದ ಒಂದು ಮಾನವೀಯ ಫಲವೂ ಉಂಟು. ಎರಡು ಅಂಕೆಗಳಲ್ಲಿಯೇ ಎದುರಾಳಿಯ ಹಿರಿತನ ತಿಳಿದುಬಿಡುತ್ತದೆ. ‘೫೮’ ಎಂದು ಕೇಳಿದ ಕಿರಿಯನಿಗೆ ತಾನು ಯಾರೊಡನೆ ಸೆಣಸುತ್ತಿದ್ದೇನೆಂದೂ, ‘೨೩’ ಎಂದು ಕೇಳಿದ ಹಿರಿಯನಿಗೆ ತನ್ನ ಹವ್ಯಾಸಕ್ಕೆ ಹೊಸಬರು ಬರುತ್ತಿದ್ದಾರೆಂದೂ ಆ ಕ್ಷಣದಲ್ಲಿಯೇ ಅರಿವಾಗುತ್ತದೆ.

ಇದಕ್ಕೆ ಪ್ರತಿಯಾಗಿ ಬರಿಯ ಉಪಚಾರವಾಗಿ ಉಳಿದ ಅಂಶವೂ ಒಂದಿದೆ. ೧೯೩೪ರಲ್ಲಿ ಆರ್ಥರ್ ಬ್ರಾಟನ್ ಎಂಬ ಹವ್ಯಾಸಿ ಸಂಕೇತದ ಸ್ಪಷ್ಟತೆ, ಬಲ, ನಾದ ಎಂಬ ಮೂರು ಗುಣಗಳನ್ನು ಅಂಕೆಗಳಿಂದ ತಿಳಿಸುವ ಕ್ರಮವನ್ನು ಸೂಚಿಸಿದನು. ಅದರಲ್ಲಿ ‘೫೯೯’ ಅತ್ಯುತ್ತಮ. ಅನೇಕ ಸ್ಪರ್ಧೆಗಳಲ್ಲಿ ಈ ವರದಿಯನ್ನು ವಿನಿಮಯ ಮಾಡಿಕೊಳ್ಳಬೇಕಾದರೂ, ಸಂಕೇತ ಎಷ್ಟೇ ಕ್ಷೀಣವಾಗಿರಲಿ, ಎಲ್ಲರೂ ಎಲ್ಲರಿಗೂ ‘೫೯೯’ ಎಂದೇ ಕಳುಹಿಸುತ್ತಾರೆ. ಒಂಬತ್ತಕ್ಕೆ ಬದಲಾಗಿ ಮೋರ್ಸಿನಲ್ಲಿ ಚಿಕ್ಕದಾದ ‘ಎನ್’ ಅಕ್ಷರವನ್ನು ಬಳಸಿ ಕಾಲವನ್ನೂ ಉಳಿಸುತ್ತಾರೆ. ಕೇಳಿಸಿಯೂ ಕೇಳಿಸದಂತಿರುವ ಕೇಂದ್ರಕ್ಕೆ ‘ಅತ್ಯುತ್ತಮ’ ಎಂದು ವರದಿ ಕೊಟ್ಟು, ಮರುಕ್ಷಣವೇ ಅದರ ಕ್ರಮಸಂಖ್ಯೆಯನ್ನು ‘ಮತ್ತೊಮ್ಮೆ ಹೇಳಿ’ ಎಂದು ಬೇಡುವುದು ವಿನೋದವಾಗಿ ಕಾಣಬಹುದು. ಆದರೆ ಇಲ್ಲಿ ಉಪಚಾರಕ್ಕೂ ಸಾಕ್ಷ್ಯಕ್ಕೂ ಇರುವ ಗಡಿಯನ್ನು ಎಲ್ಲರೂ ಬಲ್ಲರು. ವರದಿಯಲ್ಲಿ ಸೌಜನ್ಯಕ್ಕೆ ಎಡೆಯುಂಟು, ಕ್ರಮಸಂಖ್ಯೆಯಲ್ಲಿ ಇಲ್ಲ.

೬

ದ್ವಿತೀಯ ಮಹಾಯುದ್ಧದ ಕಾಲದಲ್ಲಿ ಹವ್ಯಾಸಿ ಕೇಂದ್ರಗಳು ಮತ್ತೆ ಮೌನವಾದುವು. ಯುದ್ಧ ಮುಗಿದ ಮೇಲೆ, ೧೯೪೮ರಲ್ಲಿ, ‘ಸಿಕ್ಯೂ’ ಎಂಬ ಅಮೆರಿಕನ್ ಪತ್ರಿಕೆಯು ವಿಶ್ವವ್ಯಾಪಿ ಸ್ಪರ್ಧೆಯೊಂದನ್ನು ಆರಂಭಿಸಿತು. ಭೂಮಂಡಲವನ್ನು ೪೦ ವಲಯಗಳಾಗಿ ವಿಂಗಡಿಸಿ, ಯಾರು ಯಾರೊಡನೆ ಬೇಕಾದರೂ ಸಂಪರ್ಕ ಪಡೆಯಬಹುದೆಂಬ ನಿಯಮವನ್ನು ಅದು ಮಾಡಿತು. ಇದರ ಮೋರ್ಸ್ ಭಾಗವು ನವೆಂಬರಿನ ಕೊನೆಯ ಪೂರ್ಣ ವಾರಾಂತ್ಯದಲ್ಲಿ ೪೮ ಗಂಟೆಗಳ ಕಾಲ ನಡೆಯುತ್ತದೆ. ಭಾರತವು ಇಪ್ಪತ್ತೆರಡನೆಯ ವಲಯಕ್ಕೆ ಸೇರಿದೆ. ಬೆಂಗಳೂರಿನ ಹವ್ಯಾಸಿಯೊಬ್ಬನು ಈ ಸ್ಪರ್ಧೆಯಲ್ಲಿ ‘೫೯೯’ ಎಂಬ ಉಪಚಾರದ ಬಳಿಕ ಕಳುಹಿಸುವ ಅಂಕೆ ಅದೇ. ಸುಮಾರು ೧೪,೦೦೦ ಕಿಲೋಮೀಟರು ದೂರದ ಸ್ಯಾನ್ ಫ್ರಾನ್ಸಿಸ್ಕೋದ ಸ್ಪರ್ಧಿಗೆ ಆ ವಲಯ ದುರ್ಲಭವಾದ ಗುಣಕ. ಹೀಗೆ ಪ್ರಥಮ ಸ್ಥಾನದ ಆಸೆಯಿಲ್ಲದ, ಸಾಧಾರಣ ಏರಿಯಲ್ಲಿನ ಒಂದು ಕೇಂದ್ರವು ಕೂಡ ಘಟಾನುಘಟಿಗಳ ತಾರತಮ್ಯವನ್ನು ನಿರ್ಣಯಿಸಬಲ್ಲುದು.

ಈ ಸ್ಪರ್ಧೆಗಳಲ್ಲಿ ಬೆಳೆದುಬಂದ ಒಂದು ರೂಢಿ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಒಂದು ತರಂಗಪಟ್ಟಿಯಲ್ಲಿ ಸಂಪರ್ಕ ಪಡೆದ ಇಬ್ಬರಲ್ಲಿ ಒಬ್ಬನು ‘ನನ್ನೊಡನೆ ಮತ್ತೊಂದು ಪಟ್ಟಿಗೆ ಬರುವಿರಾ?’ ಎಂದು ಕೇಳಬಹುದು. ಪ್ರತಿ ಪಟ್ಟಿಯಲ್ಲಿಯೂ ದೇಶ ಹಾಗೂ ವಲಯಗಳಿಗೆ ಪ್ರತ್ಯೇಕ ಗುಣಕವಿರುವುದರಿಂದ ಹೀಗೆ ಬಂದರೆ ಕೇಳಿದವನಿಗೆ ಲಾಭ. ಬಂದವನಿಗೂ ಒಂದು ಸಂಪರ್ಕ ದೊರೆಯುತ್ತದೆ. ಆದರೆ ಆ ಅರ್ಧ ನಿಮಿಷದಲ್ಲಿ ತನ್ನ ಹಳೆಯ ಆವರ್ತಾಂಕವನ್ನು ಬೇರೆಯವರು ಹಿಡಿದುಬಿಡುವ ಅಪಾಯವೂ ಉಂಟು. ಆದರೂ ಹಲವರು ಬರುತ್ತಾರೆ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳನ್ನು ಇಲ್ಲಿ ನೆನೆಯಬಹುದು. ಕೃಷ್ಣನ ಪಾತ್ರದವನು ಕೌರವನ ಪಾತ್ರದವನನ್ನು ಮಾತಿನಲ್ಲಿ ಮಣಿಸಬೇಕಾದರೂ, ಎದುರಿನವನು ಒಳ್ಳೆಯ ಪ್ರಶ್ನೆಯನ್ನೆತ್ತಿ ಎಡೆಮಾಡಿಕೊಡದಿದ್ದರೆ ಅವನ ವಾದವೂ ಏರದು. ಆಟ ಕಳೆಗಟ್ಟಬೇಕಾದರೆ ಇಬ್ಬರೂ ಸಮರ್ಥರಾಗಿರಬೇಕು. ಇಬ್ಬರೂ ಪರಸ್ಪರ ಅವಕಾಶ ಕೊಡಬೇಕು.

ಸಾಕ್ಷ್ಯದ ಪರಿಶೀಲನೆಯೂ ಇದೇ ಕಾಲದಲ್ಲಿ ರೂಪಾಂತರ ಹೊಂದಿತು. ಮೊದಲು ಲಾಗುಗಳನ್ನು ಕಾಗದದಲ್ಲಿ ಬರೆದು ಅಂಚೆಯ ಮೂಲಕ ಕಳುಹಿಸುತ್ತಿದ್ದರು. ಪರೀಕ್ಷಕರು ಅವುಗಳಲ್ಲಿ ಕೆಲವನ್ನು ಮಾತ್ರ ಕೈಯಿಂದ ತಾಳೆ ನೋಡಬಲ್ಲವರಾಗಿದ್ದರು. ಗಣಕಯಂತ್ರ ಬಂದ ಮೇಲೆ ಸಾವಿರಾರು ಲಾಗುಗಳ ಪ್ರತಿಯೊಂದು ಪಂಕ್ತಿಯನ್ನೂ ಎದುರಿನವನ ಲಾಗಿ
ನ ಪಂಕ್ತಿಯೊಡನೆ ಹೋಲಿಸುವುದು ಸಾಧ್ಯವಾಯಿತು. ಒಬ್ಬನು ಬರೆದ ಸಂಪರ್ಕವು ಎದುರಿನವನ ಲಾಗಿನಲ್ಲಿ ಇಲ್ಲದಿದ್ದರೆ ಅಂಕ ಹೋಗುತ್ತದೆ. ಕರೆಸಂಜ್ಞೆಯಲ್ಲಿ ಒಂದು ಅಕ್ಷರ ತಪ್ಪಿದರೂ ಹೋಗುತ್ತದೆ. ಹಲವು ಸ್ಪರ್ಧೆಗಳಲ್ಲಿ ಅದರ ಮೇಲೆ ದಂಡವೂ ಬೀಳುತ್ತದೆ. ಸಿಕ್ಯೂ ಪತ್ರಿಕೆಯ ಸ್ಪರ್ಧೆಯು ಲಾಗುಗಳನ್ನು ಬಹಿರಂಗವಾಗಿ ಪ್ರಕಟಿಸುವ ಪದ್ಧತಿಯನ್ನೂ ಕೈಗೊಂಡಿತು. ೧೯೨೧ರಲ್ಲಿ ಡೇರೆಯೊಳಗೆ ಕುಳಿತಿದ್ದ ಮೂರನೆಯವನು ಈಗ ಬೇಕಿಲ್ಲ. ಪ್ರತಿಯೊಬ್ಬ ಸ್ಪರ್ಧಿಯ ಲಾಗೂ ಉಳಿದೆಲ್ಲರ ಲಾಗುಗಳಿಗೆ ಸಾಕ್ಷಿಪತ್ರವಾಗಿದೆ. ಈಚೆಗೆ ಮಾನವರ ನೆರವಿಲ್ಲದೆ ಮೋರ್ಸ್ ಸಂಕೇತವನ್ನು ಓದಿ, ಯಾವ ಕೇಂದ್ರ ಎಲ್ಲಿ ಕೇಳುತ್ತಿದೆಯೆಂದು ಸಾರುವ ಯಂತ್ರಗಳೂ ಜಗತ್ತಿನ ಹಲವೆಡೆ ಇವೆ. ಆದರೆ ಯಂತ್ರವು ಕೇಳಿದುದಕ್ಕೆ ಅಂಕವಿಲ್ಲ. ಕೇಳಿ, ಉತ್ತರ ಕೊಟ್ಟು, ಬರೆದುಕೊಂಡ ಇನ್ನೊಬ್ಬ ನಿರ್ವಾಹಕನು ಇದ್ದರೆ ಮಾತ್ರ ಅಂಕ.

೭

ಇಷ್ಟರವರೆಗೆ ಸ್ನೇಹವು ಸ್ಪರ್ಧೆಗೆ ಆಧಾರವಾದ ಬಗೆಯನ್ನು ಕಂಡೆವು. ಆದರೆ ಅಂಕವನ್ನು ಕೊಡುವ ಅಧಿಕಾರ ಪ್ರತಿಸ್ಪರ್ಧಿಗಳ ಕೈಯಲ್ಲಿಯೇ ಇರುವಾಗ ಒಂದು ಅಪಾಯವೂ ಅದರೊಡನೆ ಬರುತ್ತದೆ. ಸ್ನೇಹಿತನು ಸ್ನೇಹಿತನನ್ನು ಹುಡುಕಿ ಕರೆಯಬಹುದು. ಒಂದು ದೇಶದವರೆಲ್ಲರೂ ತಮ್ಮ ದೇಶದವನನ್ನೇ ಮೇಲೆತ್ತಬಹುದು. ಬೇಡವಾದವನ ಕರೆಯನ್ನು ಕೇಳಿಯೂ ಕೇಳದಂತಿರಬಹುದು. ಇದಾವುದನ್ನೂ ಲಾಗಿನ ತಾಳೆಯಿಂದ ಹಿಡಿಯಲಾಗದು. ಏಕೆಂದರೆ ಆ ಸಂಪರ್ಕಗಳೆಲ್ಲ ನಿಜವಾದ ಸಂಪರ್ಕಗಳೇ. ಇದರ ಜೊತೆಗೆ ಭೂಗೋಲದ ಅಸಮತೆಯೊಂದು ಇದ್ದೇ ಇದೆ. ಸಮುದ್ರತೀರದವನಿಗೂ ಒಳನಾಡಿನವನಿಗೂ, ಎತ್ತರದ ಗೋಪುರವುಳ್ಳವನಿಗೂ ಮನೆಯ ಮಾಡಿನ ಮೇಲೆ ಒಂದು ತಂತಿ ಕಟ್ಟಿದವನಿಗೂ ಸಾಮ್ಯವೆಲ್ಲಿ? ನಿರ್ವಾಹಕರ ಕೌಶಲವನ್ನು ಮಾತ್ರ ತೂಗಿ ನೋಡುವ ತಕ್ಕಡಿ ಬೇಕಾಗಿತ್ತು.

ಇದಕ್ಕೆ ಉತ್ತರವಾಗಿ ರೂಪುಗೊಂಡುದು ವಿಶ್ವ ರೇಡಿಯೋಕ್ರೀಡಾ ತಂಡ ಚಾಂಪಿಯನ್‌ಷಿಪ್. ಇದರ ಮೊದಲ ಕೂಟ ೧೯೯೦ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ, ಗುಡ್‌ವಿಲ್ ಕ್ರೀಡೆಗಳ ಸಂದರ್ಭದಲ್ಲಿ ನಡೆಯಿತು. ೧೯೮೦ ಮತ್ತು ೧೯೮೪ರ ಒಲಿಂಪಿಕ್ ಬಹಿಷ್ಕಾರಗಳ ಕಹಿಯನ್ನು ಕಳೆಯಲೆಂದು ೧೯೮೬ರಲ್ಲಿ ಆರಂಭವಾಗಿದ್ದ ಕ್ರೀಡೆಗಳು ಅವು. ಎಷ್ಟೋ ವರ್ಷಗಳಿಂದ ಸೋವಿಯತ್ ಮತ್ತು ಅಮೆರಿಕನ್ ನಿರ್ವಾಹಕರು ಆಕಾಶದಲ್ಲಿ ಪರಸ್ಪರ ಕರೆಸಂಜ್ಞೆಗಳನ್ನೂ ಅಂಕೆಗಳನ್ನೂ ವಿನಿಮಯ ಮಾಡಿಕೊಂಡಿದ್ದರು. ಮಾಸ್ಕೋದ ೮೮ನೆಯ ಅಂಚೆಪೆಟ್ಟಿಗೆಯ ಮೂಲಕ ದೃಢೀಕರಣದ ಕಾರ್ಡುಗಳನ್ನು ಕಳುಹಿಸಿಕೊಂಡಿದ್ದರು. ಶೀತಲ ಸಮರದ ದಿನಗಳಲ್ಲಿ ಸ್ಪರ್ಧೆಯ ಬರಿಯ ಅಂಕೆಗಳು ಯಾವ ಸರ್ಕಾರಕ್ಕೂ ಆಕ್ಷೇಪಾರ್ಹವಾಗಿ ತೋರುವಂತಹವಲ್ಲ. ಆ ಅಂಕೆಗಳ ಹಿಂದಿದ್ದ ಮುಖಗಳು ಎದುರುಬದುರಾದುದು ಸಿಯಾಟಲಿನಲ್ಲಿ. ಇಬ್ಬಿಬ್ಬರ ೨೨ ತಂಡಗಳು ಸ್ಥಳೀಯ ಹವ್ಯಾಸಿಗಳ ಕೇಂದ್ರಗಳಿಂದ ಸ್ಪರ್ಧಿಸಿದುವು.

ಅನಂತರದ ಕೂಟಗಳಲ್ಲಿ ಮೋರ್ಸ್ ಮತ್ತು ಧ್ವನಿ ಎರಡೂ ಸಲ್ಲುವ ೨೪ ಗಂಟೆಗಳ ಸ್ಪರ್ಧೆ ರೂಢಿಗೆ ಬಂದಿತು. ನಿಯಮಗಳು ಇನ್ನಷ್ಟು ಬಿಗಿಯಾದುವು. ೨೦೧೪ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ೫೯ ತಂಡಗಳೂ, ೨೦೧೮ರಲ್ಲಿ ಜರ್ಮನಿಯ ವಿಟ್ಟೆನ್‌ಬರ್ಗ್ ಸುತ್ತಮುತ್ತ ೬೩ ತಂಡಗಳೂ ಬಯಲಿನಲ್ಲಿ ಡೇರೆಗಳನ್ನು ಹಾಕಿ, ಒಂದೇ ಬಗೆಯ ಏರಿಯಲ್ಲು, ಒಂದೇ ಮಿತಿಯ ವಿದ್ಯುಚ್ಛಕ್ತಿಯೊಡನೆ ಸೆಣಸಿದುವು. ಆರ್ಡ್‌ರಾಸನ್ನಿನ ಡೇರೆ ಹೀಗೆ ತೊಂಬತ್ತು ವರ್ಷಗಳಿಗೂ ಮಿಕ್ಕು ಕಳೆದ ಮೇಲೆ ಮರಳಿ ಬಂದಿತು. ಅದರೊಳಗಿನ ಮೂರನೆಯವನೂ ಮರಳಿ ಬಂದನು. ಪ್ರತಿ ತಂಡದ ಜೊತೆಗೂ ಒಬ್ಬ ತೀರ್ಪುಗಾರನು ಕುಳಿತು ಕೇಳುತ್ತಿರುತ್ತಾನೆ. ಎಲ್ಲಕ್ಕಿಂತ ಗಮನಾರ್ಹವಾದುದು ಹೆಸರನ್ನು ಮರೆಸುವ ಏರ್ಪಾಡು. ಪ್ರತಿ ತಂಡಕ್ಕೂ ಹೊಸದೊಂದು ಕರೆಸಂಜ್ಞೆಯನ್ನು ಮುಚ್ಚಿದ ಲಕೋಟೆಯಲ್ಲಿ ಕೊಟ್ಟು, ಸ್ಪರ್ಧೆ ಆರಂಭವಾಗಲು ಸ್ವಲ್ಪ ಮುಂಚೆ ಮಾತ್ರ ಅದನ್ನು ತೆರೆಯಗೊಡುತ್ತಾರೆ. ಜಗತ್ತಿನ ಉಳಿದ ಹವ್ಯಾಸಿಗಳಿಗೆ ಯಾವ ಸಂಜ್ಞೆಯ ಹಿಂದೆ ಯಾರಿದ್ದಾರೆಂದು ತಿಳಿಯದು. ವಿಟ್ಟೆನ್‌ಬರ್ಗಿನ ಕೂಟದಲ್ಲಿ ಬಳಸಿದ ‘ವೈ-೮’ ಎಂದು ಆರಂಭವಾಗುವ ಸಂಜ್ಞೆಗಳು ಪೂರ್ವ ಜರ್ಮನಿಯು ಹಿಂದೆ ಬಳಸುತ್ತಿದ್ದ ಸಂಜ್ಞಾವರ್ಗಕ್ಕೆ ಸೇರಿದುವು. ಇಲ್ಲವಾದ ರಾಷ್ಟ್ರದ ಗುರುತು ಎಲ್ಲ ರಾಷ್ಟ್ರಗಳವರ ಗುರುತನ್ನು ಮರೆಸುವ ತೆರೆಯಾಯಿತು.

ಹಳೆಯ ಕಾಲದಲ್ಲಿ ಈ ತೆರೆಯೂ ಸಾಲುತ್ತಿರಲಿಲ್ಲ. ಕೈಯಿಂದ ಕೀಲಿ ಒತ್ತುವವನ ಚುಕ್ಕೆಗೆರೆಗಳಲ್ಲಿ ಅವನದೇ ಆದ ಒಂದು ಲಯವಿರುತ್ತದೆ. ಕೈಬರಹದಂತೆ ಅದನ್ನೂ ಬಲ್ಲವರು ಗುರುತಿಸಬಲ್ಲರು. ಗಣಕಯಂತ್ರದಿಂದ ಸಮನಾಗಿ ಹೊರಡುವ ಇಂದಿನ ಸಂಕೇತ ಆ ಗುರುತನ್ನೂ ಬಹುಮಟ್ಟಿಗೆ ಅಳಿಸಿದೆ. ಸ್ನೇಹಿತರು ಯಾರೆಂದು ತಿಳಿಯದಂತೆ ಮಾಡಿ ಸ್ನೇಹವನ್ನು ನ್ಯಾಯದೊಡನೆ ಹೊಂದಿಸುವ ಈ ಉಪಾಯವು ಹೊರನೋಟಕ್ಕೆ ಅಪನಂಬಿಕೆಯಂತೆ ಕಾಣಬಹುದು. ವಾಸ್ತವವಾಗಿ ಅದು ನಂಬಿಕೆಯನ್ನು ಭಾರದಿಂದ ಬಿಡಿಸುವ ಕ್ರಮ. ಸ್ಪರ್ಧೆ ಮುಗಿದ ಮೇಲೆ ಯಾರೂ ಯಾರನ್ನೂ ‘ನೀನು ನನ್ನನ್ನು ಏಕೆ ಕರೆಯಲಿಲ್ಲ’ ಎಂದು ಕೇಳಬೇಕಾದ ಪ್ರಸಂಗ ಬರುವುದಿಲ್ಲ.

೮

ಮೇಲೆ ವಿವರಿಸಿದ ಸಂಗತಿಗಳಿಂದ ಒಂದು ಸಾಮಾನ್ಯ ನಿರ್ಣಯಕ್ಕೆ ಬರಬಹುದು. ರಿಲೇ ಸಂದೇಶದ ಪದಗಳ ಎಣಿಕೆ, ೧೯೨೧ರ ಗುಪ್ತಾಕ್ಷರಗಳು, ೧೯೩೦ರಿಂದ ಬೆಳೆದ ವಿನಿಮಯದ ಅಂಶಗಳು, ಗಣಕಯಂತ್ರದ ತಾಳೆ, ಮುಚ್ಚಿದ ಲಕೋಟೆ—ಇವೆಲ್ಲವೂ ಒಂದೇ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳು. ತಾನು ಕೇಳಿಸಿದೆನೆಂಬುದಕ್ಕೆ ಪ್ರಮಾಣವೇನು? ಪ್ರತಿಸ್ಪರ್ಧಿಯು ಕೇಳಿದುದೇ ಪ್ರಮಾಣ. ಅವನನ್ನು ಬಿಟ್ಟು ಬೇರೆ ಪ್ರಮಾಣ ಈ ಕ್ರೀಡೆಯಲ್ಲಿ ಇಲ್ಲ.

ಈ ಮಾತಿಗೆ ಇಂದು ಹೆಚ್ಚಿನ ಅರ್ಥ ಬಂದಿದೆ. ೧೯೯೯ರ ಫೆಬ್ರವರಿಯಲ್ಲಿ ಹಡಗುಗಳ ವಿಪತ್ಸಂದೇಶದ ಹೊಸ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದು ಸಮುದ್ರದಲ್ಲಿ ಮೋರ್ಸಿನ ಅಗತ್ಯ ಮುಗಿಯಿತು. ೨೦೦೩ರ ವಿಶ್ವ ರೇಡಿಯೋ ಸಮ್ಮೇಳನವು ಹವ್ಯಾಸಿಗಳಿಗೆ ಮೋರ್ಸ್ ಪರೀಕ್ಷೆಯನ್ನು ಕಡ್ಡಾಯಗೊಳಿಸಿದ್ದ ಅಂತರರಾಷ್ಟ್ರೀಯ ನಿಯಮವನ್ನು ತೆಗೆದುಹಾಕಿತು. ೨೦೧೩ರ ಜುಲೈಯಲ್ಲಿ ಭಾರತದ ತಂತಿ ಸೇವೆಯೂ ನಿಂತಿತು. ಜೀವನೋಪಾಯಕ್ಕಾಗಿ ಅಥವಾ ಕಾನೂನಿನ ಒತ್ತಾಯಕ್ಕಾಗಿ ಈ ಸಂಕೇತವನ್ನು ಕಲಿಯುವವರು ಬಹುಮಟ್ಟಿಗೆ ಇಲ್ಲವಾದರು. ಆದರೂ ನವೆಂಬರಿನ ಆ ವಾರಾಂತ್ಯದಲ್ಲಿ ಕಿರುತರಂಗ ಪಟ್ಟಿಗಳು ಚುಕ್ಕೆಗೆರೆಗಳಿಂದ ಕಿಕ್ಕಿರಿದಿರುತ್ತವೆ. ಯಾರಿಗೂ ಬೇಡವಾದ ಒಂದು ಸಂಕೇತಭಾಷೆಯನ್ನು ಬಾಳಿಸಲು ಅದನ್ನು ಗ್ರಂಥಗಳಲ್ಲಿ ಬರೆದಿಟ್ಟರೆ ಸಾಲದು. ಅದರಲ್ಲಿ ವೇಗವಾಗಿ, ತಪ್ಪಿಲ್ಲದೆ ಉತ್ತರ ಕೊಡಬಲ್ಲ ಎದುರಾಳಿಗಳು ಇರಬೇಕು. ಆದುದರಿಂದ ನಿಜವಾದ ಸ್ಪರ್ಧಿಯು ತನ್ನ ಪ್ರತಿಸ್ಪರ್ಧಿಗಳು ಕಡಿಮೆಯಾಗಲೆಂದು ಹಾರೈಸಲಾರನು. ಅವರು ಹೆಚ್ಚಿದಷ್ಟೂ ಅವನ ಲಾಗು ಬೆಳೆಯುತ್ತದೆ. ಅವರು ಸಮರ್ಥರಾದಷ್ಟೂ ಅವನ ಅಂಕಗಳು ತಾಳೆಯಲ್ಲಿ ಉಳಿಯುತ್ತವೆ.

ಹವ್ಯಾಸಿಗಳು ಸಂಪರ್ಕದ ಕೊನೆಯಲ್ಲಿ ಶುಭಾಶಯದ ಅರ್ಥದಲ್ಲಿ ‘೭೩’ ಎಂಬ ಅಂಕೆಯನ್ನು ಕಳುಹಿಸುವುದುಂಟು. ಅದೂ ತಂತಿಯ ಕಾಲದ ಬಳುವಳಿ. ಸ್ಪರ್ಧೆಯ ಅವಸರದಲ್ಲಿ ಅದಕ್ಕೂ ಎಡೆಯಿಲ್ಲದೆ ಅನೇಕರು ಎರಡು ಚುಕ್ಕೆಗಳನ್ನಷ್ಟೇ ಒತ್ತಿ ಮುಂದೆ ಸಾಗುತ್ತಾರೆ. ಆ ಚುಕ್ಕೆಗಳಿಗೆ ಅಂಕವಿಲ್ಲ. ಯಾವ ಲಾಗಿನಲ್ಲಿಯೂ ಅವನ್ನು ಬರೆಯುವುದಿಲ್ಲ. ಸಾಕ್ಷ್ಯ ಕೊಟ್ಟ ಎದುರಾಳಿಗೆ ಸಲ್ಲುವ ಕೃತಜ್ಞತೆ ಅಷ್ಟು.